ಚೀಲದ ವಾದ್ಯದಲ್ಲಿ ಜಾಝ್

ಪ್ರಥಮ ಪಿಯುಸಿಯಲ್ಲಿ ಅಲೆಗಳ ಅಧ್ಯಾಯ ಬಂದಾಗ ನಾನು ಕೊಳಲಿನ ಉದಾಹರಣೆ ಕೊಡುವುದು ರೂಢಿ. ಈ ಸಲ ಬ್ಯಾಗ್‌ಪೈಪ್ ತೆಗೆದುಕೊಳ್ಳೋಣ. ಗಣರಾಜ್ಯೋತ್ಸವದ ಪಥಸಂಚಲನವನ್ನು ಟಿ.ವಿ.ಯಲ್ಲಿ ನೋಡುವವರಿಗೆ ಅದು ಹೊಸದಲ್ಲ. ಕವಾಯತಿನ ವಾದ್ಯವೆಂದೇ ನಾವು ತಿಳಿದಿರುವ ಇದರಲ್ಲಿ ಜಾಝ್ ನುಡಿಸಬಹುದೇ? ಜಾಝ್ ಅಮೆರಿಕದ ಕಪ್ಪು ಜನರು ಕಟ್ಟಿದ ಸಂಗೀತ. ಒಂದು ಧಾಟಿಯನ್ನು ಹಿಡಿದು, ನುಡಿಸುತ್ತಲೇ ಹೊಸದಾಗಿ ಬೆಳೆಸುವುದು ಅದರ ಜೀವ. ನಮ್ಮ ಮನೋಧರ್ಮದ ಹಾಗೆಯೇ.

ಮೊದಲು ವಾದ್ಯ. ಬಾಯಿಂದ ಊದಿದ ಗಾಳಿ ಕಂಕುಳಲ್ಲಿರುವ ಚೀಲಕ್ಕೆ ಹೋಗುತ್ತದೆ. ತೋಳಿನಿಂದ ಅದನ್ನು ಒತ್ತಿದರೆ ಗಾಳಿ ನಾಲ್ಕು ಕೊಳವೆಗಳಿಗೆ ನುಗ್ಗುತ್ತದೆ. ಒಂದರಲ್ಲಿ ಬೆರಳಾಡುತ್ತದೆ, ಅದರಲ್ಲಿ ಬರುವುದು ಒಂಬತ್ತೇ ಸ್ವರ. ಉಳಿದ ಮೂರು ಹೆಗಲ ಮೇಲೆ ನಿಂತು ಒಂದೇ ಶ್ರುತಿಯನ್ನು ಹಿಡಿದಿರುತ್ತವೆ. ಮುಖ್ಯ ಸ್ವರ 476 ಹರ್ಟ್ಸ್ ಎಂದಿಟ್ಟುಕೊಂಡರೆ ಎರಡು ಕೊಳವೆ 238ರಲ್ಲೂ ದೊಡ್ಡದು 119ರಲ್ಲೂ ನುಡಿಯಬೇಕು. ಒಂದು ಕೊಳವೆ 238, ಇನ್ನೊಂದು 235 ಆದರೆ ಸೆಕೆಂಡಿಗೆ ಮೂರು ಬೀಟ್ಸ್ ಕೇಳುತ್ತವೆ. ನುಡಿಸುವವನು ಕೊಳವೆಯ ಉದ್ದವನ್ನು ಸರಿಪಡಿಸುತ್ತಾ ಆ ಬೀಟ್ಸ್ ಮಾಯವಾಗುವವರೆಗೆ ಕಿವಿಗೊಡುತ್ತಾನೆ. ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಸೂತ್ರ ಅವನಿಗೆ ದಿನದ ಕೆಲಸ.

ಜಾಝ್‌ಗೆ ತೊಡಕು ಇಲ್ಲೇ ಇದೆ. ಚೀಲದಲ್ಲಿ ಗಾಳಿ ಇರುವವರೆಗೂ ನಾದ ನಿಲ್ಲದು. ಎರಡು ಸ್ವರಗಳ ನಡುವೆ ಮೌನವಿಲ್ಲ, ಮೆಲ್ಲಗೆ ನುಡಿಸುವ ಮಾತಂತೂ ಇಲ್ಲವೇ ಇಲ್ಲ. ಜಾಝ್‌ನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಂಪುಗಳು, ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಶ್ರುತಿ ಮಾತ್ರ ಕದಲದು. ಹಾಗಾಗಿ ಎರಡಕ್ಕೂ ತಿಕ್ಕಾಟ.

ಈ ಹಟ ತೊಟ್ಟವರು ಫಿಲಡೆಲ್ಫಿಯಾದ ರೂಫಸ್ ಹಾರ್ಲಿ. ಅವರು ಸ್ಯಾಕ್ಸೊಫೋನ್ ವಾದಕರು. 1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯವರ ಅಂತ್ಯಯಾತ್ರೆಯಲ್ಲಿ ಸ್ಕಾಟ್ಲೆಂಡಿನ ಸೈನಿಕರು ನುಡಿಸಿದ ಬ್ಯಾಗ್‌ಪೈಪ್ ಅವರ ಮನಸ್ಸು ಹಿಡಿಯಿತು. ಒಂದು ಗಿರವಿ ಅಂಗಡಿಯಲ್ಲಿ ಆ ವಾದ್ಯ ಕೊಂಡರು. 1965ರಲ್ಲಿ 'ಬ್ಯಾಗ್‌ಪೈಪ್ ಬ್ಲೂಸ್' ಧ್ವನಿಮುದ್ರಿಕೆ ಬಂತು. ಎಲ್ಲರೂ ಎಡ ಹೆಗಲಿಗೆ ಇಟ್ಟುಕೊಳ್ಳುವ ಶ್ರುತಿ ಕೊಳವೆಗಳನ್ನು ಅವರು ಬಲ ಹೆಗಲಿಗೆ ಇಟ್ಟುಕೊಳ್ಳುತ್ತಿದ್ದರು.

ಕಾಲವೂ ಅವರಿಗೆ ಒದಗಿಬಂತು ಅನ್ನುವುದು ನನ್ನ ಅಭಿಪ್ರಾಯ. 1959ರಲ್ಲಿ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಬಂದ ಮೇಲೆ, ಕಾರ್ಡ್‌ಗಳ ಓಟ ಬಿಟ್ಟು ಒಂದೇ ಸ್ವರಶ್ರೇಣಿಯಲ್ಲಿ ನಿಂತು ವಿಸ್ತರಿಸುವ ಜಾಝ್ ಬೆಳೆದಿತ್ತು. ಅದಕ್ಕೆ ನಿಂತ ಶ್ರುತಿ ಅಡ್ಡಿಯಲ್ಲ, ಆಧಾರ.

ನಮಗೆ ಇದು ಪರಿಚಿತ. ಗುಬ್ಬಿಯ ಜಾತ್ರೆಯಲ್ಲೋ ಕುಣಿಗಲ್ ಕಡೆಯ ಮದುವೆಯಲ್ಲೋ ಓಲಗ ಕೇಳಿದ್ದರೆ, ನಾಗಸ್ವರದ ಪಕ್ಕದಲ್ಲಿ ಒತ್ತು ಹಿಡಿದವರನ್ನು ನೋಡಿರುತ್ತೀರಿ; ಈಗ ಎಷ್ಟೋ ಕಡೆ ಅವರ ಜಾಗದಲ್ಲಿ ಶ್ರುತಿಪೆಟ್ಟಿಗೆ ಕೂತಿದೆ. ಅವರು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತಾ ನಾದವನ್ನು ಕಡಿಯದೆ ಉಳಿಸುತ್ತಾರೆ. ಬ್ಯಾಗ್‌ಪೈಪಿನ ಚೀಲ ಮಾಡುವುದೂ ಆ ಕೆನ್ನೆಯ ಕೆಲಸವನ್ನೇ. ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿಗೂ ಪಕ್ಕದಲ್ಲಿ ಇನ್ನೊಂದು ಶಹನಾಯಿ ಶ್ರುತಿ ಕೊಡುತ್ತಿತ್ತು.

ನಮ್ಮಲ್ಲಿ ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದವರು ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು, ಅದರಲ್ಲಿ ಕರ್ನಾಟಕ ಸಂಗೀತ ನುಡಿಸಲು ಹೊರಟರು. ಬ್ಯಾಗ್‌ಪೈಪಿಗೆ ಸ್ವರಗಳ ಕೊರತೆ. ಇಲ್ಲಿ ಬೇರೆಯೇ ತೊಂದರೆ. ಸ್ಯಾಕ್ಸೊಫೋನಿನ ಕೀಲಿ ರಂಧ್ರವನ್ನು ಪೂರ್ತಿ ತೆರೆಯುತ್ತದೆ, ಇಲ್ಲವೇ ಪೂರ್ತಿ ಮುಚ್ಚುತ್ತದೆ. ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿದಂತೆ. ಗಮಕಕ್ಕೆ ಬೇಕಾದ್ದು ಜಾರುಬಂಡೆ. ಅವರು ವಾದ್ಯದಲ್ಲೂ ಒಂದಿಷ್ಟು ಬದಲಾವಣೆ ಮಾಡಿಕೊಂಡು, ತುಟಿ ಮತ್ತು ಉಸಿರನ್ನು ವರ್ಷಗಟ್ಟಲೆ ಪಳಗಿಸಿದರು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರ ಜೊತೆ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು.

ಆಸಕ್ತರು ಲ್ಯಾಬಿಗೆ ಬನ್ನಿ. ಒಂದೇ ಆವರ್ತನದ ಎರಡು ಟ್ಯೂನಿಂಗ್ ಫೋರ್ಕ್ ಇವೆ. ಒಂದರ ಕವಲಿಗೆ ಚೂರು ಮೇಣ ಅಂಟಿಸಿ, ಎರಡನ್ನೂ ಒಟ್ಟಿಗೆ ಬಾರಿಸಿ, ಹತ್ತು ಸೆಕೆಂಡಿನ ಬೀಟ್ಸ್ ಎಣಿಸಿ. ನಾಗಸ್ವರದವರೂ ಕೆಳಗಿನ ರಂಧ್ರಗಳಿಗೆ ಮೇಣ ತುಂಬಿಯೇ ಶ್ರುತಿ ಸರಿಮಾಡಿಕೊಳ್ಳುತ್ತಾರೆ.