ಬಳ್ಳಾರಿ ಸೀಮೆಯ ಬಂಡೆಬೆಟ್ಟಗಳು ಮತ್ತು ದರೋಜಿ ಕರಡಿಧಾಮ

ಭೂರಚನೆ
- ಮಳೆನೆರಳಿನ ಅರೆಶುಷ್ಕ ಪ್ರದೇಶ. ಮುಖ್ಯ ಶಿಲೆ ಗ್ರಾನೈಟ್; ನಡುವೆ ಸೀಳಿಕೊಂಡು ಬಂದ ಕಪ್ಪು ಡೊಲರೈಟ್ ಪಟ್ಟಿಗಳಿವೆ.
- ಬಂಡೆಯ ಬಿರುಕುಗಳಿಗೆ ನೀರಿಳಿದು ಮೂಲೆಗಳು ಮೊದಲು ಶಿಥಿಲಗೊಳ್ಳುತ್ತವೆ. ಹೊರಪದರ ಈರುಳ್ಳಿ ಸಿಪ್ಪೆಯಂತೆ ಕಳಚುತ್ತದೆ. ಒಂದರ ಮೇಲೊಂದು ನಿಂತ ಗುಂಡುಗಳು ಉಳಿಯುವುದು ಹೀಗೆ.

ಪ್ರಮುಖ ತಾಣಗಳು
- ಬಳ್ಳಾರಿ ನಗರ: ಕೋಟೆ ಇರುವ ಬಳ್ಳಾರಿ ಗುಡ್ಡ ಮತ್ತು ಕುಂಬಾರ ಗುಡ್ಡ. ಕೆಳಕೋಟೆ ಹೈದರಾಲಿ ಕಾಲದ್ದು.
- ಸಂಗನಕಲ್ಲು-ಕುಪ್ಪಗಲ್ಲು: ನವಶಿಲಾಯುಗದ ನೆಲೆ. ಡೊಲರೈಟ್‌ನಿಂದ ಕಲ್ಲಿನ ಕೊಡಲಿ ತಯಾರಿಸುತ್ತಿದ್ದರು. ಇಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತಹ ನಾದ ಹೊಮ್ಮುತ್ತದೆ.
- ಸಿರುಗುಪ್ಪ ತಾಲ್ಲೂಕು: ತೆಕ್ಕಲಕೋಟೆ ಬೆಟ್ಟದ ನವಶಿಲಾಯುಗದ ನೆಲೆ, ಉತ್ಖನನ ಎಂ.ಎಸ್. ನಾಗರಾಜರಾವ್ ಅವರದು.
- ಕುರುಗೋಡು: ಸಿಂದ ಅರಸರ ನೆಲೆ, ದೊಡ್ಡಬಸವೇಶ್ವರ ದೇವಾಲಯದ ಬೃಹತ್ ಏಕಶಿಲಾ ನಂದಿ.

ದರೋಜಿ ಕರಡಿಧಾಮ
- ಬಿಳಿಕಲ್ಲು ಮೀಸಲು ಅರಣ್ಯವನ್ನು ಕರಡಿಧಾಮವೆಂದು ಘೋಷಿಸಿದ್ದು 1994ರಲ್ಲಿ. 2009ರಲ್ಲಿ ಬುಕ್ಕಸಾಗರ ಅರಣ್ಯ ಸೇರ್ಪಡೆ. ಒಟ್ಟು ವಿಸ್ತೀರ್ಣ 82.72 ಚ.ಕಿ.ಮೀ.
- ಜೀವಿಗಳು: ಕರಡಿ, ಚಿರತೆ, ಚಿಪ್ಪುಹಂದಿ, ನಕ್ಷತ್ರ ಆಮೆ. ಕರಡಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಅನುಸೂಚಿಯ ರಕ್ಷಣೆಯಿದೆ.
- ಭೇಟಿ: ಬಿಸಿಲು ಇಳಿದ ಮೇಲೆ ಕರಡಿಗಳು ಬಂಡೆಗಳ ಪೊಟರೆಯಿಂದ ಹೊರಬರುತ್ತವೆ. ಸಿಬ್ಬಂದಿ ಬಂಡೆಗೆ ಬಳಿದ ಬೆಲ್ಲ ಮಿಶ್ರಿತ ಆಹಾರವನ್ನು ಅವು ನೆಕ್ಕುವುದನ್ನು ವೀಕ್ಷಣಾ ಗೋಪುರದಿಂದ ನೋಡಬಹುದು.

ಮಾದರಿ ಪ್ರಶ್ನೆ
ತೆಕ್ಕಲಕೋಟೆ ಯಾವ ತಾಲ್ಲೂಕಿನಲ್ಲಿದೆ?
ಎ) ಕುರುಗೋಡು ಬಿ) ಸಂಡೂರು ಸಿ) ಸಿರುಗುಪ್ಪ ಡಿ) ಬಳ್ಳಾರಿ
ಉತ್ತರ: ಸಿ