ಬೆನ್ನಟ್ಟುವ ಭೂತಗಳೂ ಬಿಡುವು ಕೊಡುವ ಆಟ

ಮಕ್ಕಳು ಮೊಬೈಲ್ ಹಿಡಿದು ಆಟದಲ್ಲಿ ಮುಳುಗಿದ್ದರೆ ಹೆತ್ತವರಾದ ನಮಗೆ ಸಿಟ್ಟು ಬರುವುದು ಸಹಜ. ಆದರೆ ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮುನ್ನ ಪ್ಯಾಕ್‌ಮ್ಯಾನ್ ಎಂಬ ಹಳೆಯ ಆಟದ ಕಥೆಯನ್ನು ತಿಳಿಯುವುದು ಒಳ್ಳೆಯದು.

1980ರಲ್ಲಿ ಜಪಾನಿನ ನಾಮ್ಕೋ ಕಂಪನಿ ಇದನ್ನು ಹೊರತಂದಿತು. ರೂಪಿಸಿದ ತೋರು ಇವಾತಾನಿಯವರಿಗೆ ಆಗ 25 ವರ್ಷ. ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಅಂಗಡಿಗಳು ಅಂದು ಹುಡುಗರ ಅಡ್ಡೆಯಂತಿದ್ದವು. ಹೆಚ್ಚಿನ ಆಟಗಳಲ್ಲಿ ಗುಂಡು ಹಾರಿಸುವುದೇ ಕೆಲಸ. ಹೆಣ್ಣುಮಕ್ಕಳೂ ಬರಬೇಕು, ಜೋಡಿಯಾಗಿ ಬಂದವರೂ ಆಡಬೇಕು ಎಂಬುದು ಇವಾತಾನಿಯವರ ಬಯಕೆ. ಆದ್ದರಿಂದ ಅವರು ಗುಂಡನ್ನು ಬಿಟ್ಟು ತಿನ್ನುವುದನ್ನು ಆರಿಸಿಕೊಂಡರು. ಒಂದು ತುಂಡು ತೆಗೆದ ಪಿಜ್ಜಾದಂತಹ ಹಳದಿ ಉರುಟು. ಅದರ ಮೈಯೆಲ್ಲ ಬಾಯಿ. ಜಪಾನಿ ಭಾಷೆಯಲ್ಲಿ ಬಾಯಿ ತೆರೆದು ಮುಚ್ಚಿ ತಿನ್ನುವುದಕ್ಕೆ ‘ಪಕು ಪಕು’ ಎನ್ನುತ್ತಾರೆ, ನಮ್ಮ ‘ಗಬಗಬ’ ಇದ್ದ ಹಾಗೆ. ಹೆಸರು ಬಂದದ್ದು ಅಲ್ಲಿಂದ.

ಆಡಲು ನಾಲ್ಕು ದಿಕ್ಕಿಗೆ ಹೊರಳುವ ಒಂದೇ ಹಿಡಿಕೆ. ಸುತ್ತುಬಳಸಿನ ಓಣಿಗಳಲ್ಲಿರುವ 240 ಚುಕ್ಕಿಗಳನ್ನೂ ನಾಲ್ಕು ದೊಡ್ಡ ಗುಳಿಗೆಗಳನ್ನೂ ತಿಂದು ಮುಗಿಸಬೇಕು. ನಾಲ್ಕು ಭೂತಗಳು ಅಟ್ಟಿಸಿಕೊಂಡು ಬರುತ್ತವೆ. ಗುಳಿಗೆ ನುಂಗಿದರೆ ಸ್ವಲ್ಪ ಹೊತ್ತು ನಾವೇ ಅವನ್ನು ತಿನ್ನಬಹುದು. ಆದರೂ ಭೂತ ಸಾಯುವುದಿಲ್ಲ. ಎರಡು ಕಣ್ಣುಗಳಷ್ಟೇ ಉಳಿದು ಗೂಡಿಗೆ ಮರಳಿ, ಹೊಸ ಮೈ ತಳೆದು ಬರುತ್ತದೆ.

ಈ ಭೂತಗಳ ಸ್ವಭಾವ ನೋಡಿ. ಕೆಂಪು ಭೂತ ನೇರ ಬೆನ್ನು ಹತ್ತುತ್ತದೆ. ಗುಲಾಬಿ ಬಣ್ಣದ್ದು ನಮ್ಮ ಮುಂದೆ ಹೋಗಿ ಅಡ್ಡಗಟ್ಟಲು ಹವಣಿಸುತ್ತದೆ. ತಿಳಿನೀಲಿಯದು ಕೆಂಪು ಭೂತ ಎಲ್ಲಿದೆ, ನಾವು ಎಲ್ಲಿದ್ದೇವೆ ಎಂದು ಎರಡನ್ನೂ ಲೆಕ್ಕಹಾಕುತ್ತದೆ. ಕಿತ್ತಳೆ ಬಣ್ಣದ್ದು ದೂರದಿಂದ ಅಟ್ಟಿ ಬಂದು, ಹತ್ತಿರವಾದೊಡನೆ ಹಿಂಜರಿದು ತನ್ನ ಮೂಲೆಗೆ ಹೊರಡುತ್ತದೆ. (ನಮ್ಮ ಬಂಧುಬಳಗದಲ್ಲೂ ಈ ನಾಲ್ವರು ಇಲ್ಲವೇ?)

ಎಡೆಬಿಡದೆ ಅಟ್ಟಿದರೆ ಆಡುವವರು ಸೋತು ಕೈಬಿಡುತ್ತಾರೆಂದು ಇವಾತಾನಿ ಅರಿತಿದ್ದರು. ಅದಕ್ಕಾಗಿ ಮೊದಲ ಹಂತದ ಆರಂಭದಲ್ಲಿ ಭೂತಗಳು 7 ಸೆಕೆಂಡು ತಂತಮ್ಮ ಮೂಲೆಗೆ ಸರಿದು, ಆಮೇಲೆ 20 ಸೆಕೆಂಡು ಬೆನ್ನಟ್ಟುತ್ತವೆ. ಆಟದ ಬಾಳಿಕೆಯ ಗುಟ್ಟು ಈ 7 ಸೆಕೆಂಡುಗಳಲ್ಲಿದೆ ಎಂಬುದು ನನ್ನ ಅನಿಸಿಕೆ. ಮಗುವಿನ ಕೈಗೆ ಒಂದು ಆಟ ಕೊಡುವಾಗ, ಅದು ಉಸಿರಾಡಲು ಬಿಡುತ್ತದೆಯೇ ಎಂದು ನಾವೂ ಒಮ್ಮೆ ಪಕ್ಕದಲ್ಲಿ ಕುಳಿತು ಆಡಿ ನೋಡಬಹುದಲ್ಲವೇ?

2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಈ ಆಟವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದಕ್ಕೂ ಒಂದು ಕೊನೆಯುಂಟು. ಹಂತಗಳನ್ನು ಎಣಿಸಲು ಯಂತ್ರದಲ್ಲಿದ್ದ ಜಾಗ 255ರವರೆಗೆ ಮಾತ್ರ. 256ನೇ ಹಂತದಲ್ಲಿ ಪರದೆಯ ಬಲಭಾಗವೆಲ್ಲ ಅಕ್ಷರ, ಅಂಕೆಗಳ ಕಲಸುಮೇಲೋಗರ. ಹಂತ ಮುಗಿಸಲು ಬೇಕಾದಷ್ಟು ಚುಕ್ಕಿಗಳೇ ಅಲ್ಲಿ ಸಿಗುವುದಿಲ್ಲ.