ಹೊಗೆಯನ್ನು ಕಂಡವರು ಹೇಳಬೇಕು

ಬೆಂಕಿ ಹೊತ್ತಿಕೊಳ್ಳುವ ಮೊದಲು ಹೊಗೆಯಾಡುವುದನ್ನು ನಾವೆಲ್ಲರೂ ಬಲ್ಲೆವು. ವಿದ್ಯಾರ್ಥಿಯೊಬ್ಬನು ತನ್ನ ಶಾಲೆಯಲ್ಲೇ ಸಹಪಾಠಿಗಳ ಮೇಲೆ, ಗುರುಗಳ ಮೇಲೆ ಆಯುಧವೆತ್ತುವ ಘೋರ ಕೃತ್ಯಕ್ಕೂ ಅಂತಹ ಮುನ್ಸೂಚನೆ ಇರುತ್ತದೆಯೇ? ಇದ್ದರೆ ಅದನ್ನು ಮೊದಲೇ ಗುರುತಿಸಬಹುದೇ? ವಿದ್ಯಾರ್ಥಿಗಳೂ ಹೆತ್ತವರೂ ಒಟ್ಟಿಗೆ ಯೋಚಿಸಬೇಕಾದ ಪ್ರಶ್ನೆ ಇದು.

ಈ ಪಿಡುಗಿನಿಂದ ಬಹಳವಾಗಿ ನೊಂದ ದೇಶ ಅಮೆರಿಕ. 1999ರ ಏಪ್ರಿಲ್ 20ರಂದು ಕೊಲರಾಡೊ ರಾಜ್ಯದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಅಲ್ಲಿನ ಇಬ್ಬರು ವಿದ್ಯಾರ್ಥಿಗಳೇ ಗುಂಡು ಹಾರಿಸಿದರು. ಅಂದು 12 ವಿದ್ಯಾರ್ಥಿಗಳೂ ಒಬ್ಬ ಅಧ್ಯಾಪಕರೂ ಮಡಿದರು. ಅನಂತರ, ಅಮೆರಿಕದ ಅಧ್ಯಕ್ಷರ ರಕ್ಷಣೆಯ ಹೊಣೆ ಹೊತ್ತ ಸೀಕ್ರೆಟ್ ಸರ್ವಿಸ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ ಜತೆಗೂಡಿ 1974ರಿಂದ 2000ದವರೆಗಿನ ಇಂತಹ 37 ಘಟನೆಗಳನ್ನು ಪರಿಶೀಲಿಸಿ, 2002ರಲ್ಲಿ ವರದಿಯನ್ನು ಹೊರತಂದವು.

ವರದಿಯ ಮೊದಲ ಪಾಠ ಇದು: ಇಂತಹವನೇ ಹೀಗೆ ಮಾಡುತ್ತಾನೆಂದು ಮುಖ ನೋಡಿ ಹೇಳಲು ಬಾರದು. ಆ ಘಟನೆಗಳ 41 ಮಂದಿ ಆಕ್ರಮಣಕಾರರಲ್ಲಿ ಓದಿನಲ್ಲಿ ಮುಂದಿದ್ದವರು ಅನೇಕರು. ಹಿಂದುಳಿದವರು ಬಹಳ ಕಡಮೆ. ಗೆಳೆಯರೊಡನೆ ಬೆರೆಯುತ್ತಿದ್ದವರೂ ಇದ್ದರು, ಒಂಟಿಯಾಗಿದ್ದವರೂ ಇದ್ದರು. ಆದುದರಿಂದ ಮೂಲೆಯಲ್ಲಿ ಮೌನವಾಗಿ ಕುಳಿತ ಹುಡುಗನನ್ನು ಸಂಶಯದಿಂದ ನೋಡುವುದು ತಪ್ಪು ಮಾತ್ರವಲ್ಲ, ಅನ್ಯಾಯವೂ ಹೌದು.

ಎರಡನೆಯ ಪಾಠ ಇನ್ನೂ ಮುಖ್ಯವಾದುದು. 37 ಘಟನೆಗಳ ಪೈಕಿ 30ರಲ್ಲಿ, ಇಂತಹ ಆಲೋಚನೆ ನಡೆದಿದೆ ಎಂಬುದು ಮೊದಲೇ ಒಬ್ಬರಿಗಾದರೂ ತಿಳಿದಿತ್ತು. ಹಾಗೆ ತಿಳಿದವರು ಯಾರು? 28 ಘಟನೆಗಳಲ್ಲಿ ಗೆಳೆಯರು, ಸಹಪಾಠಿಗಳು, ಒಡಹುಟ್ಟಿದವರು. ಹೊಗೆ ಕಂಡಿತ್ತು, ಆದರೆ ಸುದ್ದಿ ಹಿರಿಯರ ತನಕ ಮುಟ್ಟಲಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷ್ಯವಿದೆ. 2006ರಿಂದ 2018ರ ನಡುವೆ ನಡೆಯುವ ಮೊದಲೇ ತಡೆಯಲ್ಪಟ್ಟ 67 ಸಂಚುಗಳನ್ನು ಅದೇ ಸೀಕ್ರೆಟ್ ಸರ್ವಿಸ್ ಅಭ್ಯಸಿಸಿ 2021ರಲ್ಲಿ ವರದಿ ಮಾಡಿತು. ಅಲ್ಲಿ ಜೀವಗಳನ್ನು ಉಳಿಸಿದವರಲ್ಲಿ ಸಹಪಾಠಿಗಳೇ ಮುಂದು.

ವಿದ್ಯಾರ್ಥಿ ಮಿತ್ರರೇ, "ಚಾಡಿಕೋರ" ಎಂಬ ಹೆಸರಿಗೆ ನಾವೆಲ್ಲ ಅಂಜುತ್ತೇವೆ. ಒಬ್ಬನಿಗೆ ಏಟು ಬೀಳಲಿ ಎಂದು ಹೇಳುವುದು ಚಾಡಿ. ಯಾರಿಗೂ ಕೇಡಾಗದಿರಲಿ ಎಂದು ಹೇಳುವುದು ಗೆಳೆತನ. ಒಬ್ಬನು ಕೊಲ್ಲುವ ಅಥವಾ ತಾನೇ ಸಾಯುವ ಮಾತನ್ನು ಮತ್ತೆ ಮತ್ತೆ ಆಡಿದರೆ, ಸೇಡಿನ ಯೋಜನೆಯನ್ನು ಬರೆದಿಟ್ಟರೆ, ಆಯುಧಕ್ಕಾಗಿ ಹುಡುಕಾಡಿದರೆ, ಅದನ್ನು ತಮಾಷೆಯೆಂದು ತಳ್ಳಿಬಿಡಬಾರದು. ಅಂದೇ ನಂಬಿಕೆಯ ಅಧ್ಯಾಪಕರಿಗೋ ಮನೆಯ ಹಿರಿಯರಿಗೋ ತಿಳಿಸಬೇಕು. ಸಂಕಟದಲ್ಲಿರುವ ಮಕ್ಕಳಿಗಾಗಿ ನಮ್ಮ ದೇಶದಲ್ಲಿ 1098 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಇದೆ.

ಹೆತ್ತವರಿಗೂ ಗುರುಗಳಿಗೂ ಇಲ್ಲಿ ಪಾಠವಿದೆ. ಆ 41 ಮಂದಿಯಲ್ಲಿ ಬಹುಪಾಲು ಜನ, ಘಟನೆಗೆ ಮೊದಲು ತಾವು ಪೀಡೆಗೆ, ಹಿಂಸೆಗೆ ಗುರಿಯಾದೆವೆಂದು ನೊಂದವರು. ಸಾಯುವ ಯೋಚನೆ ಮಾಡಿದವರೂ ಅವರಲ್ಲಿ ಬಹಳ. ನೋವು ಕೃತ್ಯವನ್ನು ಸಮರ್ಥಿಸಲಾರದು. ನೊಂದ ಮಕ್ಕಳಲ್ಲಿ ಬಹುತೇಕರು ಯಾರಿಗೂ ಕೇಡು ಬಗೆಯುವವರಲ್ಲ ಎಂಬುದೂ ನಿಜ. ಆದರೂ ಬಡತನ, ಮೈಬಣ್ಣ, ಹಳ್ಳಿಯ ಮಾತು ಇವುಗಳನ್ನು ಹಿಡಿದು ದಿನವೂ ಹಂಗಿಸುವುದನ್ನು ಹುಡುಗಾಟಿಕೆಯೆಂದು ನಾವು ಬಿಟ್ಟುಬಿಡುತ್ತಿಲ್ಲವೇ? ಮಗು ಬಂದು ಹೇಳಿದಾಗ ಗದರಿಸಿದರೆ ಅದು ಎರಡನೆಯ ಸಲ ಬಾಯಿ ತೆರೆಯದು. ಸೂಚನೆ ತೋರಿದವನಿಗೆ ಮೊದಲು ಬೇಕಾದುದು ಬೆತ್ತವಲ್ಲ, ಕೇಳುವ ಕಿವಿ.

ನಾಳೆ ಯಾರು ಏನು ಮಾಡುವರೆಂದು ಖಂಡಿತವಾಗಿ ಹೇಳುವ ವಿದ್ಯೆ ಯಾರಲ್ಲಿಯೂ ಇಲ್ಲ. ಆದರೆ ಇಂದು ಪಕ್ಕದ ಬೆಂಚಿನಲ್ಲಿ ಕುಳಿತವನು ಏನು ಹೇಳುತ್ತಿದ್ದಾನೆಂದು ಕೇಳುವುದು ನಮ್ಮೆಲ್ಲರಿಗೂ ಸಾಧ್ಯ. ಅಷ್ಟನ್ನು ನಾವು ತಪ್ಪದೆ ಮಾಡೋಣ.